ಸಾಧು ಕ್ಯಾಟ್‌ಫಿಶ್ ಬೇಕು, ನಿಯಾನ್ ಒಂದೊಂದಾಗಿ ಮಾಯ ಆಗ್ತಾ ಉಂಟು

ಕದ್ರಿ_ಗಾಜುಪೆಟ್ಟಿಗೆ:
ತಲೆ ಕೆಟ್ಟಿದೆ ಮಾರಾಯ್ರೆ. ಅಕ್ವೇರಿಯಮಿನಲ್ಲಿ 12 ನಿಯಾನ್ ಟೆಟ್ರಾ ಅಂತ ಪುಟ್ಟ ಮೀನು ಇತ್ತು, ಈಗ 7. ಸತ್ತದ್ದಾದ್ರೆ ತೇಲಬೇಕಲ್ಲ? ಇವತ್ತು ಬೆಳಿಗ್ಗೆ ಸ್ಪಾಂಜ್ ಫಿಲ್ಟರಿನ ಬುಡದಲ್ಲಿ ಉಗುರಿನಷ್ಟು ಬಾಲ ಸಿಕ್ಕಿತು, ಅಷ್ಟೆ. ಅಡಿಗೆ ಬಿದ್ದ ಫುಡ್ ತಿನ್ಲಿಕ್ಕೆ ಅಂತ ಒಂದು ಕ್ಯಾಟ್‌ಫಿಶ್ ತಂದಿದ್ದೆ. ಪಾಪದ್ದು, ಹಗಲಿಡೀ ಕಲ್ಲಿನ ಸಂದಿಯಲ್ಲೇ. ಅದಕ್ಕೆ ಜೊತೆ ತರುವ ಅಂತ. ಯಾವುದು ಒಳ್ಳೆಯದು?

ಬಾವಿನೀರು_ಉಡುಪಿ:
ಮೊದಲು ನೀರು ಎಲ್ಲಿಯದ್ದು ಹೇಳಿ. ಮುರಕಲ್ಲಿನ ಬಾವಿಯದ್ದಾದ್ರೆ ಪಿಎಚ್ ಕೆಳಗೆ, ಅಂದ್ರೆ ನೀರು ಹುಳಿ ಇರ್ತದೆ.

ಕದ್ರಿ_ಗಾಜುಪೆಟ್ಟಿಗೆ:
ತುಂಬೆ ಡ್ಯಾಮಿನ ನಳ್ಳಿ ನೀರು. ಪಿಎಚ್ 7.

ಬಾವಿನೀರು_ಉಡುಪಿ:
ಹಾಗಾದ್ರೆ ಕ್ಲೋರಿನ್. ನೂರಕ್ಕೆ ನೂರು.

ಕುಂದಾಪ್ರ_ಮೀಸೆ:
ಎಂತದ್ ಮಾರಾಯ್ರೆ, ಕ್ಲೋರಿನ್ ಮೀನ್ ತಿಂದ್ ಬಾಲ ಮಾತ್ರ ಬಿಡತ್ತಾ? ಕ್ಯಾಟ್‌ಫಿಶ್ ಹ್ಯಾಂಗಿತ್ತ್, ಅದನ್ ಹೇಳಿ ಕಾಂಬ.

ಬಾವಿನೀರು_ಉಡುಪಿ:
ಸತ್ತ ಮೇಲೆ ಉಳಿದವು ತಿಂದಿರ್ತವೆ. ನನ್ನ 4 ಅಡಿ ಟ್ಯಾಂಕಿಗೆ ಬಾವಿ ನೀರು ಬಿಟ್ಟು ಬೇರೆ ಹಾಕುದೇ ಇಲ್ಲ. ಗಿಡ ನೋಡಿದ್ರೆ ತೋಟ ಅನ್ಬೇಕು, ಫೋಟೋ ಆಮೇಲೆ ಹಾಕ್ತೇನೆ.

ಪಣಂಬೂರು_ಹೊಯ್ಗೆ:
ಅಡಿಯಲ್ಲಿ ಎಂತ ಹಾಕಿದ್ದೀರಿ? ಚೂಪು ಜಲ್ಲಿ ಇದ್ರೆ ಕ್ಯಾಟ್‌ಫಿಶ್‌ನ ಮೀಸೆ ಸವೆದು ಹೋಗ್ತದೆ. ನಾನು ಕಡಲ ಹೊಯ್ಗೆ ತೊಳೆದು ಹಾಕಿದ್ದು.

ಕುಂದಾಪ್ರ_ಮೀಸೆ:
ಕಡಲ ಹೊಯ್ಗೆಯಂಗೆ ಚಿಪ್ಪಿನ ಚೂರ್ ಇರತ್ತ್, ನೀರ್ ಗಡುಸಾತ್ತ್. ಹೊಳೆ ಹೊಯ್ಗೆ ಹಾಕಿ.

ಪಣಂಬೂರು_ಹೊಯ್ಗೆ:
2 ವರ್ಷ ಆಯ್ತು, ನನ್ನ ಗಪ್ಪಿಗಳು ಸಂಸಾರ ಮಾಡಿಕೊಂಡು ಆರಾಮ ಉಂಟು.

ಕುಂದಾಪ್ರ_ಮೀಸೆ:
ಗಪ್ಪಿಗೆ ಗಡಸು ನೀರೇ ಬೇಕ್, ಅದ್ಕೇ ಆರಾಮ.

ಕದ್ರಿ_ಗಾಜುಪೆಟ್ಟಿಗೆ:
ಹೊಯ್ಗೆ ಜಗಳ ಬೇರೆ ಕಡೆ ಮಾಡಿ ಸ್ವಾಮಿ. ಬೆಳ್ಳಿ ಬಣ್ಣ, ಮೈಯಿಡೀ ಕಪ್ಪು ಚುಕ್ಕಿ, ಮೀಸೆ ಬಾಲದ ಹತ್ತಿರದವರೆಗೆ. ಬೆಳಿಗ್ಗೆ ನೋಡಿದ್ರೆ ಹೊಟ್ಟೆ ಗೋಲಿಯ ಹಾಗೆ. ಟ್ಯಾಂಕ್ 2 ಅಡಿ.

ಕುಂದಾಪ್ರ_ಮೀಸೆ:
ಇದನ್ ಮೊದ್ಲೇ ಹೇಳುಕಾಗ್ದಾ! ಅದ್ ಪಿಕ್ಟಸ್ ಅಂಬ ಕ್ಯಾಟ್‌ಫಿಶ್. ಬೇರೆ ಮೀನಿಗೆ ಕಚ್ಚೂದಿಲ್ಲ ಅಂದೇಳಿ ಅಂಗಡಿಯವ್ರ್ ಸಾಧು ಅಂಬ್ರ್, ಆದ್ರೆ ಬಾಯಿಗೆ ಹಿಡಿಯುದನ್ನೆಲ್ಲ ರಾತ್ರಿ ನುಂಗತ್ತ್. ನಿಯಾನ್ ಅದಕ್ಕೆ ಒಂದ್ ತುತ್ತ್. ಹಿಡಿವತಿಗೆ ಬಲೆ ಬೇಡ, ರೆಕ್ಕೆಮುಳ್ಳ್ ಸಿಕ್ಕಿಹಾಕ್ಕಂತ್ತ್. ಡಬ್ಬದಂಗೆ ಹಿಡೀರಿ.
ನಿಮ್ಗೆ ಬೇಕಾದ್ದ್ ಕೋರಿಡೋರಸ್, ಅಡಿಯಲ್ಲೇ ಮೇಯು ಸಣ್ಣ ಕ್ಯಾಟ್‌ಫಿಶ್. ಒಂದೆರಡ್ ತಂದ್ರೆ ಹೆದ್ರಿ ಮೂಲೆ ಸೇರ್ತೊ, 6 ಆದ್ರೂ ಬೇಕ್. ಅದ್ರಲ್ಲೂ ನಮ್ಮ ಸೆಕೆಗೆ ಪಾಂಡಾ ಜಾತಿ ಬೇಡ, ಅದಕ್ಕೆ ತಂಪ್ ನೀರ್ ಬೇಕ್. ಸ್ಟರ್ಬೈ ಜಾತಿ ಸೆಕೆ ತಡ್ಕಂತ್ತ್. ಮುಳುಗು ಪೆಲೆಟ್ ದೀಪ ಆರ್ಸಿದ್ ಮೇಲೆ ಹಾಕಿ. ನಡುನಡು ಮೇಲ್ ಹಾರಿ ಗಾಳಿ ನುಂಗ್ತೊ, ಹೆದ್ರ್ಬೇಡಿ, ಕರುಳಲ್ಲೇ ಉಸಿರಾಡುದ್ ಅದು.

ಪಣಂಬೂರು_ಹೊಯ್ಗೆ:
ಗಾಜಿನ ಪಾಚಿ ತಿನ್ನುವ ಪ್ಲೆಕೋ ಕ್ಯಾಟ್‌ಫಿಶ್ ತರ್ಬಹುದಲ್ಲ?

ಕುಂದಾಪ್ರ_ಮೀಸೆ:
ಸಾಮಾನ್ಯ ಪ್ಲೆಕೋ ಒಂದಡಿ ದಾಟತ್ತ್. 2 ಅಡಿ ಟ್ಯಾಂಕಲ್ಲಿ ತಿರ್ಗುದ್ ಹ್ಯಾಂಗೆ?

ಕದ್ರಿ_ಗಾಜುಪೆಟ್ಟಿಗೆ:
ಅಂಗಡಿಯವರು ವಾಪಸ್ ತಗೊಳ್ಳುದಿಲ್ಲವಂತೆ. ದೊಡ್ಡ ಟ್ಯಾಂಕ್ ಇರುವವರು ಯಾರಾದ್ರೂ ಪಿಕ್ಟಸ್ ಕೊಂಡುಹೋಗ್ತೀರಾ? ದುಡ್ಡು ಬೇಡ. ಬೆಳಿಗ್ಗೆ ಎಣಿಸಿದೆ, ನಿಯಾನ್ 6.

ಬಾವಿನೀರು_ಉಡುಪಿ:
ಅಮೋನಿಯಾ ನೋಡಿದ್ದೀರಾ?