ಪದ ಬೇಕು: ‘ಕವರ್ ವರ್ಷನ್’ಗೆ ಕನ್ನಡದಲ್ಲಿ ಏನನ್ನೋಣ? (ಬ್ಯಾನರ್ ನಾಳೆ ಪ್ರಿಂಟಿಗೆ)

ಗೆಳೆಯರೇ,

ಒಂದು ಪದ ಬೇಕಾಗಿದೆ, ಅದೂ ನಾಳೆ ಮಧ್ಯಾಹ್ನದೊಳಗೆ. ಮೈಸೂರಿನಲ್ಲಿ ನಾವು ಹತ್ತು ಹನ್ನೆರಡು ಜನ ತಿಂಗಳಿಗೊಮ್ಮೆ ಸೇರಿ ಹಾಡು ಕೇಳುತ್ತೇವೆ. ಈ ಭಾನುವಾರ ಕವರ್ ವರ್ಷನ್‌ಗಳ ಸರದಿ. ಮೊದಲು ಮೂಲ ಹಾಡು, ಅದರ ಬೆನ್ನಿಗೇ ಇನ್ನೊಬ್ಬರು ಹಾಡಿದ್ದು. ಬ್ಯಾನರಿಗೆ ‘ಮೆಚ್ಚಿನ ಕವರ್ ವರ್ಷನ್‌ಗಳು’ ಅಂತ ಬರೆದಿದ್ದೆ. ನಮಗೆ ಜಾಗ ಕೊಡುವ ಹಿರಿಯರು ಅದನ್ನು ಓದಿ, ‘ಕವರ್ ಅಂದ್ರೆ ಪುಸ್ತಕಕ್ಕೆ ಹಾಕ್ತೀವಲ್ಲ, ಅದಾ?’ ಅಂದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಯಾವ ಹಾಡುಗಳು ಅಂತ ಹೇಳಿಬಿಡುತ್ತೇನೆ, ಎಂಥ ಪದ ಬೇಕು ಅನ್ನೋದು ತಿಳಿಯುತ್ತದೆ. ‘ರೆಸ್ಪೆಕ್ಟ್’ ಹಾಡನ್ನು 1965ರಲ್ಲಿ ಬರೆದು ಹಾಡಿದವರು ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್. ಮನೆಗೆ ಬರುವ ಗಂಡಸು ಕೇಳುವ ಮರ್ಯಾದೆ ಅದು. ಎರಡು ವರ್ಷ ಕಳೆದು ಅರೀಥಾ ಫ್ರಾಂಕ್ಲಿನ್ ಹಾಡಿದಾಗ ಕೇಳುವವಳು ಹೆಂಗಸು. ಆ ಪದವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುವ ಜಾಗ ಇದೆಯಲ್ಲ, ಎಲ್ಲರಿಗೂ ನೆನಪಿರುವುದು, ಅದು ಓಟಿಸ್ ಹಾಡಿದ್ದರಲ್ಲಿ ಇಲ್ಲವೇ ಇಲ್ಲ. ಬಾಬ್ ಡಿಲನ್ 1967ರಲ್ಲಿ ಹಾಡಿದ ‘ಆಲ್ ಅಲಾಂಗ್ ದ ವಾಚ್‌ಟವರ್’ ಮರುವರ್ಷವೇ ಜಿಮಿ ಹೆಂಡ್ರಿಕ್ಸ್ ಗಿಟಾರಿಗೆ ಬಂತು. ಆಮೇಲೆ ಡಿಲನ್ನೇ ತಮ್ಮ ಹಾಡನ್ನು ಹೆಂಡ್ರಿಕ್ಸ್ ರೀತಿಗೆ ಹತ್ತಿರ ತಂದು ಹಾಡತೊಡಗಿದರು.

ನನಗೆ ಎಲ್ಲಕ್ಕಿಂತ ಇಷ್ಟ ‘ಹರ್ಟ್’. 1994ರಲ್ಲಿ ನೈನ್ ಇಂಚ್ ನೇಲ್ಸ್ ಎಂಬ ರಾಕ್ ತಂಡದ ಟ್ರೆಂಟ್ ರೆಝ್ನರ್ ಹಾಡಿದಾಗ ಅದು ಒಬ್ಬ ಹುಡುಗನ ನೋವು. 2002ರಲ್ಲಿ ಜಾನಿ ಕ್ಯಾಶ್ ಹಾಡಿದಾಗ ಅವರಿಗೆ ಎಪ್ಪತ್ತು. ದನಿ ಅಲ್ಲಲ್ಲಿ ಬಿರಿಯುತ್ತದೆ. ಕೊನೆಕೊನೆಗೆ ಪಿಯಾನೊ ಒಂದೇ ಸ್ವರವನ್ನು ಕುಟ್ಟುತ್ತಾ ಕುಟ್ಟುತ್ತಾ ಹೋಗುತ್ತದೆ, ಆಮೇಲೆ ಎಲ್ಲ ನಿಂತುಬಿಡುತ್ತದೆ. ಮಾತು ಹೆಚ್ಚುಕಡಿಮೆ ಅದೇ, ಧಾಟಿ ಅದೇ. ಆದರೆ ಹಾಡು ಬೇರೆಯೇ ಆಗಿದೆ.

ಇದಕ್ಕೆ ‘ನಕಲು’ ಅನ್ನೋಕೆ ನನಗೆ ಬಾಯಿ ಬರಲ್ಲ. ‘ರೀಮೇಕ್’ ಅಂದರೆ ಸಿನಿಮಾ. ಏನನ್ನೋಣ?

*

ಬೆಂಗಳೂರಿನಿಂದ:

‘ಕವರ್ ವರ್ಷನ್’ ಅಂತಲೇ ಬರೆಯಿರಿ. 2012ರ ತಿದ್ದುಪಡಿಯಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 31ಸಿ ಕಲಂ ಸೇರಿತು. ಅದರಡಿ ಕವರ್ ಮಾಡುವವರು ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದ ಮೇಲೆ ಐದು ವರ್ಷ ಕಾಯಬೇಕು. ರಾಯಲ್ಟಿ ಮುಂಗಡ ಕಟ್ಟಬೇಕು. ಹಿಂದೆ ಹಾಡಿದವರ ಹೆಸರು, ಚಿತ್ರ ಹಾಕುವಂತಿಲ್ಲ. ಇದು ಕವರ್ ವರ್ಷನ್ ಅಂತ ಹೊದಿಕೆಯ ಮೇಲೆ ಕಾಣುವಂತೆ ಬರೆದಿರಲೇಬೇಕು. ಕಾನೂನೇ ಹೆಸರಿಟ್ಟಾಗಿದೆ. ಇನ್ನು ಹುಡುಕುವುದೇನು?

*

ಧಾರವಾಡದಿಂದ:

ಕಾನೂನು ಬರೆದದ್ದು ಇಂಗ್ಲಿಷಿನಲ್ಲಿ, ಅಲ್ಲಿ ಕನ್ನಡ ಪದ ಎಲ್ಲಿಂದ ಬರಬೇಕು? ಇದು ವಾದವೇ ಅಲ್ಲ ನೋಡ್ರಿ.

‘ಅನುಗಾಯನ’ ಅನ್ನಿ. ‘ಅನುವಾದ’ದ ಹಳೆಯ ಅರ್ಥ ಭಾಷಾಂತರ ಅಲ್ಲ, ಒಬ್ಬರು ಹೇಳಿದ್ದನ್ನು ಅವರ ಹಿಂದೆಯೇ ಇನ್ನೊಬ್ಬರು ಹೇಳುವುದು. ಅದೇ ಅಚ್ಚಿನಲ್ಲಿ ಅನುಗಾಯನ. ಹಿಂದೆ ಬಂದವರು ಹಾಡಿದ್ದು. ಬೇರೆ ಪದ ಬೇಕಿಲ್ಲ.

*

ಶಿವಮೊಗ್ಗದಿಂದ:

ಅನುಗಾಯನ ಬೇಡವೇ ಬೇಡ. ಬ್ಯಾನರ್ ಓದಿದವರು, ಹಿಂದೆ ಕೂತು ದನಿಗೂಡಿಸುವವರ ಕಾರ್ಯಕ್ರಮ ಅಂದುಕೊಳ್ಳುತ್ತಾರೆ.

‘ಮರುಹಾಡು’ ಇದೆಯಲ್ಲ! ಈ ‘ಮರು’ ಹಳಗನ್ನಡದ ‘ಮಱು’, ಶಕಟರೇಫದ್ದು, ಅಂದರೆ ಈಗ ಬಳಕೆ ತಪ್ಪಿರುವ ಇನ್ನೊಂದು ‘ರ’ಕಾರದ್ದು. ಅದನ್ನು ‘ಪುನಃ’ ಅಂತ ಮಾತ್ರ ತಿಳಿದವರೇ ಜಾಸ್ತಿ. ಮರುದಿನ ಅಂದರೆ ಅದೇ ದಿನ ಮತ್ತೆ ಬರುವುದಲ್ಲ, ಇನ್ನೊಂದು ದಿನ. ಮರುಮಾತು ಅಂದರೆ ಆಡಿದ್ದನ್ನೇ ಆಡುವುದಲ್ಲ, ಎದುರಿನವರು ಕೊಡುವ ಉತ್ತರ. ‘ಮತ್ತೆ’, ‘ಇನ್ನೊಂದು’, ‘ಎದುರು’, ಮೂರೂ ಅರ್ಥ ಒಂದೇ ಪುಟ್ಟ ಪದದಲ್ಲಿವೆ. ನೀವು ಬರೆದ ಅರೀಥಾ ಹಾಡನ್ನೇ ತಗೊಳ್ಳಿ. ಅದು ಓಟಿಸ್‌ಗೆ ಕೊಟ್ಟ ಮರುಮಾತೇ ಅಲ್ವಾ? ಸಂಸ್ಕೃತದ ‘ಅನು’ವಿಗೆ ಇಷ್ಟು ಕಸುವು ಇಲ್ಲ. ಹಿಂದೆ ಹಿಂದೆ ಹೋಗುವುದಷ್ಟೇ ಅದಕ್ಕೆ ಗೊತ್ತು.

*

ಧಾರವಾಡದಿಂದ:

ಮರುಪ್ರಸಾರ, ಮರುಮುದ್ರಣ, ಮರುಎಣಿಕೆ. ಇವತ್ತಿನ ಕನ್ನಡದಲ್ಲಿ ‘ಮರು’ ಹಚ್ಚಿದರೆ ಇದ್ದದ್ದೇ ಇನ್ನೊಮ್ಮೆ ಅಂತ. ಶಕಟರೇಫ ಬಿಟ್ಟು ಎಷ್ಟೋ ಶತಮಾನ ಆಯಿತು. ಪದ ಓದುವವರು ಇಂದಿನ ಜನ, ಶಾಸನ ಕೆತ್ತುವವರಲ್ಲ.

*

ಉಡುಪಿಯಿಂದ:

ಇಬ್ಬರೂ ಸ್ವಲ್ಪ ತಾಳಿ ಮಾರಾಯ್ರೆ. ಯಕ್ಷಗಾನದಲ್ಲಿ ಪ್ರಸಂಗದ ಪದ್ಯ ಅದೇ, ಮಟ್ಟು ಅದೇ, ಇವತ್ತು ಒಬ್ಬ ಭಾಗವತರು, ನಾಳೆ ಇನ್ನೊಬ್ಬರು. ‘ಆ ಪದ ಇವರ ಬಾಯಲ್ಲೇ ಕೇಳಬೇಕು’ ಅಂತ ಹೇಳುವವರಿದ್ದಾರೆ. ಅದಕ್ಕೆ ಬೇರೆ ಹೆಸರಿಟ್ಟವರನ್ನು ನಾನು ಕಂಡಿಲ್ಲ. ಹೆಸರು ಯಾಕೆ ಬೇಕು?

*

ಬೆಂಗಳೂರಿನಿಂದ (ಇನ್ನೊಬ್ಬರು, ಪಾಠ ಹೇಳುವವಳು):

ಕರ್ನಾಟಕ ಸಂಗೀತದಲ್ಲಿ ‘ಪಾಠಾಂತರ’ ಅನ್ನುತ್ತೇವೆ. ಒಂದೇ ಕೃತಿ, ಗುರುಮನೆ ಬೇರೆಯಾದರೆ ಪಾಠಾಂತರ ಬೇರೆ. ಆದರೆ ಅದು ಗುರುವಿನಿಂದ ಕಲಿತು ಬಂದದ್ದು. ಕ್ಯಾಶ್‌ಗೆ ರೆಝ್ನರ್ ಗುರು ಅಲ್ಲ. ಆದ್ದರಿಂದ ಇಲ್ಲಿ ಹೊಂದುವುದಿಲ್ಲ, ತಿಳಿದಿರಲಿ ಅಂತ ಬರೆದೆ.

ಒಂದು ಮಾತು. ಎರವಲು ಅಂದರೆ ಇಲ್ಲಿ ಕೆಲವರಿಗೆ ಮೈಯೆಲ್ಲ ಉರಿಯುತ್ತದೆ. ‘ಪಿಟೀಲು’ ಬಂದದ್ದು ‘ಫಿಡಲ್’ನಿಂದ. ಪಿಟೀಲು ಚೌಡಯ್ಯನವರು ಅನ್ನುವಾಗ ಯಾರಿಗಾದರೂ ಇಂಗ್ಲಿಷ್ ನೆನಪಾಗುತ್ತದೆಯೇ? ಅವರು ಅದಕ್ಕೆ ಏಳು ತಂತಿ ಹಾಕಿಕೊಂಡರು, ನಮ್ಮ ನಾಲಿಗೆ ಆ ಹೆಸರನ್ನು ಹದ ಮಾಡಿಕೊಂಡಿತು.

*

ಶಿವಮೊಗ್ಗದಿಂದ:

ಮೇಡಂ, ಪಿಟೀಲು ನನಗೂ ಒಪ್ಪಿಗೆ. ವಸ್ತು ಹೊರಗಿನಿಂದ ಬಂತು, ಹೆಸರು ಜೊತೆಗೆ ಬಂತು, ಜನ ಅದನ್ನು ತಿದ್ದಿಕೊಂಡರು. ‘ಕವರ್’ ಹಾಗಲ್ಲ. ಅದನ್ನು ಯಾರೂ ತಿದ್ದಿಕೊಂಡಿಲ್ಲ, ಹಾಗೇ ಎತ್ತಿ ಇಟ್ಟಿದ್ದಾರೆ. ಅದಕ್ಕೇ ಆ ಹಿರಿಯರಿಗೆ ಪುಸ್ತಕದ ಹೊದಿಕೆ ನೆನಪಾದದ್ದು. ಇನ್ನೊಂದು ಅರ್ಥದಲ್ಲಿ ಆಗಲೇ ಬೇರೂರಿರುವ ಪದವನ್ನು ಇಲ್ಲಿಗೂ ಎಳೆದು ತಂದರೆ ಗೊಂದಲ ಯಾರಿಗೆ? ಓದುವವರಿಗೆ.

*

ಬೆಂಗಳೂರಿನಿಂದ:

ಹತ್ತು ಜನರ ಬ್ಯಾನರಿಗೆ ಇಷ್ಟು ಚರ್ಚೆ ಬೇಕಿರಲಿಲ್ಲ.

*

ಕೇಳಿದವಳು:

ಬೇಕಿತ್ತು ಸರ್. ನನಗೆ ನಿಜವಾಗಿ ಉಪಯೋಗವಾಯಿತು.

ಉಡುಪಿಯವರು ‘ಹೆಸರು ಯಾಕೆ ಬೇಕು’ ಅಂದದ್ದು ರಾತ್ರಿಯೆಲ್ಲ ತಲೆಯಲ್ಲಿ ಉಳಿಯಿತು. ಕೂತು ಲೆಕ್ಕ ಹಾಕಿದೆ. ಧಾಟಿ ಅದೇ ಇಟ್ಟುಕೊಂಡು ಮಾತು ಬದಲಾಯಿಸಿದರೆ ನಮ್ಮಲ್ಲಿ ಹೇಳುವ ಕ್ರಮ ಇದೆ: ಹಳೆಯ ಪದಗಳ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಎಂಬ ಧಾಟಿ’, ‘ಎಂಬ ಮಟ್ಟು’ ಅಂತ ಅಚ್ಚಾಗಿರುತ್ತದೆ. ಮಾತು ಅದೇ ಇದ್ದು ಧಾಟಿ ಬದಲಾದರೆ ‘ರಾಗ ಸಂಯೋಜನೆ ಇಂಥವರದು’ ಅನ್ನುತ್ತೇವೆ. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥ್ ಅವರದೋ ಅಂತ ವರ್ಷಗಟ್ಟಲೆ ಎಳೆದಾಡಿ, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರದ್ದನ್ನೇ, 2 ನಿಮಿಷ 30 ಸೆಕೆಂಡಿಗೆ, ಗೊತ್ತು ಮಾಡಿತು. ಇವೆರಡಕ್ಕೂ ಪದ ಇದೆ. ಮಾತೂ ಅದೇ, ಧಾಟಿಯೂ ಅದೇ, ಕೊರಳು ಮಾತ್ರ ಬೇರೆ ಅನ್ನುವುದಕ್ಕೆ ಮಾತ್ರ ಇಲ್ಲ.

ಯಾಕೆ ಅಂದರೆ, ಹಾಡು ಹಾಡಿದವರ ಸ್ವತ್ತು ಅಂತ ನಾವು ಎಣಿಸಿದ್ದೇ ಇಲ್ಲ ಅನ್ನಿಸುತ್ತದೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಪುರಂದರದಾಸರದ್ದು. ಭೀಮಸೇನ ಜೋಶಿಯವರು ಹಾಡಿದರೂ, ಶುಕ್ರವಾರ ದೀಪ ಹಚ್ಚಿ ನಮ್ಮಜ್ಜಿ ಹಾಡಿದರೂ ದಾಸರದ್ದೇ. ನಮ್ಮಜ್ಜಿ ಮೂರನೇ ನುಡಿ ಮರೆತು ಎರಡನೆಯದನ್ನೇ ಎರಡು ಸಲ ಹಾಡುತ್ತಿದ್ದರು. ಅದೂ ಮೂಲವೇ ಆಗಿತ್ತು. ಹಾಡಿದವರದೇ ಹಾಡು ಅನ್ನುವ ಎಣಿಕೆ ಬಂದದ್ದು ಗ್ರಾಮಫೋನ್ ತಟ್ಟೆಯ ಜೊತೆಗೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ತಟ್ಟೆಯ ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಕೂಗಿ ಹೇಳುತ್ತಿದ್ದರು. ಆ ಒಂದು ಕೂಗಿಗೆ ಹಾಡು ಅವರ ಹೆಸರಿಗೆ ಅಂಟಿಕೊಂಡಿತು. ಅವರು ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು.

ಹಾಗಾಗಿ ಹೊಸ ಎಣಿಕೆಗೆ ಹೊಸ ಪದ ಬೇಕು ಅನ್ನುವುದು ನನಗೆ ಈಗ ಗಟ್ಟಿಯಾಗಿದೆ. ‘ಮರುಹಾಡು’ ತಗೊಳ್ಳುತ್ತೇನೆ. ಧಾರವಾಡದವರ ಆಕ್ಷೇಪಣೆಯಲ್ಲಿ ಹುರುಳಿದೆ, ಬರೀ ನಾಮಪದ ಓದಿದರೆ ಮರುಪ್ರಸಾರ ನೆನಪಾಗುತ್ತದೆ. ಅದಕ್ಕೇ ಬ್ಯಾನರಿನಲ್ಲಿ ಪದದ ಕೆಳಗೆ ‘ಹಾಡು ಅದೇ, ಕೊರಳು ಬೇರೆ’ ಅಂತ ಒಂದು ಸಾಲು ಹಾಕಿದ್ದೇನೆ. ಹಂಚುವ ಹಾಳೆಯಲ್ಲಿ ಎರಡು ಕಾಲಂ: ‘ಮೊದಲು ಹಾಡಿದವರು’, ‘ಮರುಹಾಡಿದವರು’. ಕ್ರಿಯಾಪದವಾಗಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ‘ಜಾನಿ ಕ್ಯಾಶ್ ಮರುಹಾಡಿದರು.’ ಅನುಗಾಯಿಸಿದರು ಅನ್ನೋಕೆ ಹೋದರೆ ನಾಲಿಗೆ ತೊಡರುತ್ತದೆ.

ಹಿರಿಯರಿಗೆ ಫೋನ್ ಮಾಡಿ ಓದಿ ಹೇಳಿದೆ. ‘ಹೂಂ, ಇನ್ನೊಬ್ಬರು ಹಾಡಿದ್ದು’ ಅಂದರು.

*

ಶಿವಮೊಗ್ಗದಿಂದ:

ಸಂತೋಷ. ‘ಮರುಹಾಡು’ ಒಂದೇ ಪದ, ನಡುವೆ ಜಾಗ ಬಿಡಬೇಡಿ. ಬ್ಯಾನರಿನವರು ಎರಡು ಸಾಲಿಗೆ ಒಡೆದರೆ ಬಿಡಬೇಡಿ, ಪ್ರೂಫ್ ತರಿಸಿ ನೋಡಿ.

*

ಧಾರವಾಡದಿಂದ:

ನನ್ನ ಒಪ್ಪಿಗೆ ಇಲ್ಲ. ಭಾನುವಾರ ಎಷ್ಟು ಗಂಟೆಗೆ? ಆ ದಿನ ಮೈಸೂರಿನಲ್ಲೇ ಇರುತ್ತೇನೆ, ‘ಹರ್ಟ್’ ಕೇಳಬೇಕು.