ಡಾಕ್ಟರ್ ಏನು ಹೇಳಬೇಕು? ಮನೆ ಗುಂಪಿನಲ್ಲಿ ಒಂದು ಭಾನುವಾರ

ಗುಂಪು: ಟಿಳಕವಾಡಿ ಮನೆಯವರು

ಶ್ರೀಧರ ಕಾಕಾ, ರಾತ್ರಿ 8:12
(ಫಾರ್ವರ್ಡ್) ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಗರ್ಭಪಾತಕ್ಕೆ ಮುಂಚೆ ಡಾಕ್ಟರ್ ಎಲ್ಲವನ್ನೂ ತಿಳಿಸಲೇಬೇಕು. ಆಮೇಲೆ 24 ಗಂಟೆ ಕಾಯಬೇಕು. ತಿಳಿದು ಒಪ್ಪಿಗೆ ಕೊಡುವುದು ಹೆಣ್ಣಿನ ಹಕ್ಕು. ನಮ್ಮಲ್ಲೂ ಈ ಕಾನೂನು ಬರಲಿ. ಎಲ್ಲರಿಗೂ ಕಳಿಸಿ.

ಶ್ರೀಧರ ಕಾಕಾ, 8:13
ಸುಧಾ, ಇದು ನಿಮ್ಮ ರಾಜ್ಯದ್ದೇ ಅಲ್ವಾ? ನಿಜಾನಾ? ನನಗಂತೂ ಒಳ್ಳೆ ಕಾನೂನು ಅನ್ನಿಸಿತು.

ಸುಧಾ (ಪಿಟ್ಸ್‌ಬರ್ಗ್), 8:31
ಕಾನೂನು ಇರುವುದು ನಿಜ ಕಾಕಾ. ಒಳ್ಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅದು 1982ರದು, ಆಮೇಲೆ ತಿದ್ದುಪಡಿ ಆಯಿತು. ಅದರಲ್ಲಿ ಎರಡು ಥರದ ಮಾತುಗಳಿವೆ. ಹೇಗೆ ಮಾಡುತ್ತಾರೆ, ಅಪಾಯ ಏನು, ಎಷ್ಟು ವಾರ ಆಗಿದೆ, ಇದನ್ನು ಡಾಕ್ಟರ್ ಹೇಳಬೇಕು. ಇದಕ್ಕೆ ನನ್ನ ತಕರಾರಿಲ್ಲ, ಕಾನೂನು ಇಲ್ಲದಿದ್ದರೂ ಒಳ್ಳೆ ಡಾಕ್ಟರ್ ಹೇಳುತ್ತಾರೆ. ಇನ್ನೊಂದು, ಸರ್ಕಾರ ಅಚ್ಚು ಹಾಕಿಸಿದ ಪುಸ್ತಕ ಇದೆ, ಬೇಕಾದರೆ ಓದಬಹುದು ಅಂತ ಹೇಳಬೇಕು. ಅದರಲ್ಲಿ ಭ್ರೂಣದ ವಿವರ, ಗರ್ಭ ಉಳಿಸಿಕೊಂಡರೆ ನೆರವು ಕೊಡುವ ಸಂಸ್ಥೆಗಳ ಪಟ್ಟಿ ಇರುತ್ತದೆ. ಈ ಎರಡನೆಯದು ಅವಳ ಮನಸ್ಸು ತಿರುಗಲಿ ಅಂತ ಬರೆದದ್ದು.

ಹೋದ ವರ್ಷ ನನ್ನ ಜೊತೆ ಕೆಲಸ ಮಾಡುವವಳೊಬ್ಬಳು, ಡಾಕ್ಟರ್ ಇದನ್ನೆಲ್ಲ ಹೇಳುವ ಫೋನ್ ಕರೆಯನ್ನು ನನ್ನ ಕಾರಿನಲ್ಲಿ ಕೂತು ಕೇಳಿದಳು. ಶುಕ್ರವಾರ, ಊಟದ ಹೊತ್ತು. ಎರಡು ಮಕ್ಕಳ ತಾಯಿ. ಎರಡು ವಾರ ನಿದ್ದೆಗೆಟ್ಟು ಯೋಚಿಸಿದ್ದಳು. ಡಾಕ್ಟರ್ ಮೆತ್ತಗೆ, "ಇದನ್ನು ಹೇಳಲೇಬೇಕು ಅಂತ ಕಾನೂನು ಇದೆ" ಅಂತ ಶುರು ಮಾಡಿದರು. ಕರೆ ಮುಗಿದ ಕೂಡಲೇ ಅವಳು ಪೆಟ್ರೋಲ್ ರಸೀದಿಯ ಹಿಂದೆ 12:20 ಅಂತ ಬರೆದುಕೊಂಡಳು. ಆ ನಿಮಿಷದಿಂದ 24 ಗಂಟೆ ಲೆಕ್ಕ ಅಲ್ವಾ? ಪೆನ್ನು ಹಿಡಿದ ಕೈ ನಡುಗುತ್ತಿತ್ತು. ಕ್ಲಿನಿಕ್‌ನಲ್ಲಿ ಜಾಗ ಸಿಕ್ಕಿದ್ದು ಬುಧವಾರ. ಕಾಗದದ ಮೇಲೆ ಒಂದು ದಿನ, ಅವಳಿಗೆ ಐದು ದಿನ.

ಶ್ರೀಧರ ಕಾಕಾ, 8:40
ನನ್ನ ಹರ್ನಿಯಾ ಆಪರೇಷನ್‌ಗೆ ಡಾಕ್ಟರ್ ಅರ್ಧ ಗಂಟೆ ಕೂರಿಸಿಕೊಂಡು ಹೇಳಿದರು. ಆಮೇಲೆ ಸಹಿ ಮಾಡಿದೆ. ತಿಳಿಸುವುದರಲ್ಲಿ ತಪ್ಪೇನಮ್ಮ? ಇದು ಜೀವದ ವಿಷಯ. ಒಂದು ದಿನ ಯೋಚಿಸಲಿ ಅಂದರೆ ಯಾಕೆ ಸಿಟ್ಟು?

ಸುಧಾ, 8:49
ಸಿಟ್ಟು ನಿಮ್ಮ ಮೇಲಲ್ಲ ಕಾಕಾ.

ನಿಮ್ಮ ಡಾಕ್ಟರ್ ನಿಮ್ಮ ಮುಖ ನೋಡಿ, ನೀವು ಕೇಳಿದ್ದಕ್ಕೆ ಉತ್ತರ ಕೊಟ್ಟರು. ಅವರು ಏನು ಹೇಳಬೇಕು ಅಂತ ವಿಧಾನಸೌಧದಲ್ಲಿ ಕೂತು ಯಾರೂ ಬರೆದಿರಲಿಲ್ಲ. ಟೆಕ್ಸಾಸ್‌ನ 2011ರ ಕಾನೂನು ನೋಡಿ. ಡಾಕ್ಟರ್ ಸ್ಕ್ಯಾನ್ ಮಾಡಬೇಕು, ಪರದೆ ಕಾಣುವ ಹಾಗೆ ಇಡಬೇಕು, ಎದೆಬಡಿತ ಕೇಳಿಸಬೇಕು. ಅವಳು ಮುಖ ತಿರುಗಿಸಬಹುದು, ಸದ್ದು ಬೇಡ ಅನ್ನಬಹುದು. ಆದರೆ ಡಾಕ್ಟರ್ ಬಾಯಲ್ಲಿ ಹೇಳುವ ವಿವರ ಮಾತ್ರ ಕೇಳಲೇಬೇಕು. ಅತ್ಯಾಚಾರದಂಥ ಕೆಲವಕ್ಕೆ ಬಿಟ್ಟರೆ ವಿನಾಯಿತಿ ಇಲ್ಲ. ಬಟ್ಟೆ ತೆಗೆದು ಮಲಗಿದವಳಿಗೆ, ಬೇಡ ಅಂದರೂ ಬಿಡದೆ ಹೇಳುವುದು ತಿಳಿವಳಿಕೆ ಕೊಟ್ಟ ಹಾಗಾ? ಈಗಂತೂ ಅಲ್ಲಿ ಗರ್ಭಪಾತಕ್ಕೇ ಬಹುತೇಕ ನಿಷೇಧ.

ವಿನಾಯಕ (ಧಾರವಾಡ), 8:58
ಸುಧಾ, ವಕೀಲನಾಗಿ ಒಂದು ಮಾತು. ಪೆನ್ಸಿಲ್ವೇನಿಯಾದ ಕಾನೂನು ಅಮೆರಿಕದ ಸುಪ್ರೀಂ ಕೋರ್ಟ್ ವರೆಗೆ ಹೋಗಿತ್ತು. 1992ರ ಜೂನ್ 29ರ ಕೇಸಿ ತೀರ್ಪು. ಇಂಥದ್ದೇ ನಿಯಮಗಳನ್ನು ಅದೇ ಕೋರ್ಟು 1983ರಲ್ಲಿ, 1986ರಲ್ಲಿ ಹೊಡೆದು ಹಾಕಿತ್ತು. 1992ರಲ್ಲಿ ಮಾತ್ರ, ಹೇಳುವುದು ಸತ್ಯವಾಗಿರಲಿ, ದಾರಿ ತಪ್ಪಿಸದಿರಲಿ, ಹಾಗಿದ್ದರೆ ಸರಿ ಅಂದಿತು. 24 ಗಂಟೆಯೂ ಉಳಿಯಿತು. ಬಿದ್ದು ಹೋದದ್ದು ಒಂದೇ, ಹೆಂಡತಿ ಗಂಡನಿಗೆ ತಿಳಿಸಿರಬೇಕು ಅನ್ನುವ ಭಾಗ. ಹೊಡೆಯುವ ಗಂಡನ ಮನೆಯಲ್ಲಿ ಇರುವವಳ ಗತಿ ಏನು ಅಂತ ಕೋರ್ಟು ಕೇಳಿತು. ಕೆಳಗಿನ ಕೋರ್ಟಿನಲ್ಲಿ ಆ ಭಾಗವೂ ಇರಲಿ ಅಂತ ಒಬ್ಬರೇ ಬರೆದ ನ್ಯಾಯಮೂರ್ತಿ ಅಲಿಟೊ. 2022ರಲ್ಲಿ, ಗರ್ಭಪಾತಕ್ಕೆ ಸಂವಿಧಾನದ ರಕ್ಷಣೆ ಇಲ್ಲ ಅಂತ ಕೇಸಿ ತೀರ್ಪನ್ನೇ ರದ್ದು ಮಾಡಿದ ಡಾಬ್ಸ್ ತೀರ್ಪು ಬರೆದವರೂ ಅವರೇ. ಈಗ ಎಲ್ಲವೂ ಆಯಾ ರಾಜ್ಯದ ಕೈಯಲ್ಲಿದೆ.

ಸುಧಾ, 9:04
ಸತ್ಯವಾಗಿರಲಿ ಅಂದರು, ಸರಿ. ಟೆಕ್ಸಾಸ್‌ನ ಸರ್ಕಾರಿ ಪುಸ್ತಕದಲ್ಲಿ ಗರ್ಭಪಾತಕ್ಕೂ ಸ್ತನ ಕ್ಯಾನ್ಸರ್‌ಗೂ ಸಂಬಂಧ ಇರಬಹುದು ಅನ್ನುವ ಹಾಗೆ ಬರೆದಿದ್ದರು. 2003ರಲ್ಲೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ನೂರಕ್ಕೂ ಹೆಚ್ಚು ತಜ್ಞರನ್ನು ಸೇರಿಸಿ, ಗರ್ಭಪಾತದಿಂದ ಆ ಅಪಾಯ ಹೆಚ್ಚುವುದಿಲ್ಲ ಅಂತ ಹೇಳಿತ್ತು. ಹೆದರಿದ ಹೆಂಗಸಿನ ಕೈಗೆ ಅಂಥದ್ದನ್ನು ಕೊಡುವುದಾ?

ಪ್ರಮೀಳಾ ಅತ್ಯಾ, 9:17
ನಾನೂ ಒಂದು ಹೇಳಬೇಕು. ಮಕ್ಕಳು ಓದಿದರೆ ಓದಲಿ.

1991ರಲ್ಲಿ ನನಗೂ ತೆಗೆಸಬೇಕಾಯಿತು. ವಿನಾಯಕ ಇನ್ನೂ ಹಾಲು ಕುಡಿಯುತ್ತಿದ್ದ, ನನ್ನ ಮೈಯಲ್ಲಿ ರಕ್ತ ಇರಲಿಲ್ಲ. ಇದೇ ಊರಿನ ಒಂದು ನರ್ಸಿಂಗ್ ಹೋಮ್. ಡಾಕ್ಟರಮ್ಮ ನನ್ನನ್ನು ನೋಡಲೂ ಇಲ್ಲ, "ಯಜಮಾನರು ಎಲ್ಲಿ?" ಅಂದರು. ಅವರು ಕೆಲಸದ ಮೇಲೆ ಸೊಲ್ಲಾಪುರಕ್ಕೆ ಹೋಗಿದ್ದರು. ಮೂರು ದಿನ ಕಾದೆ. ಅವರು ಬಂದು ಸಹಿ ಹಾಕಿದರು. ಏನು ಮಾಡುತ್ತಾರೆ ಅಂತ ನನಗೆ ಯಾರೂ ಹೇಳಲಿಲ್ಲ. ಕಿಟಕಿ ಕಟ್ಟೆ ಮೇಲಿದ್ದ ಸ್ಟೀಲ್ ಬೋಗುಣಿಯನ್ನೇ ನೋಡುತ್ತಾ ಮಲಗಿದ್ದೆ. ಆಮೇಲೆ ಹದಿನೈದು ದಿನ ರಕ್ತ ಹೋಯಿತು. ಅದು ಎಲ್ಲರಿಗೂ ಹಾಗೇನಾ, ನಾನು ಸಾಯುತ್ತೇನಾ ಅಂತ ಯಾರನ್ನು ಕೇಳಲಿ? ಸೀರೆ ತೊಳೆಯುವಾಗ ಒಬ್ಬಳೇ ಅಳುತ್ತಿದ್ದೆ.

ಶ್ರೀಧರ ಕಾಕಾ, 9:21
ಪ್ರಮೀಳಾ, ಇಷ್ಟು ವರ್ಷ ನನಗೆ ಹೇಳಲೇ ಇಲ್ಲವಲ್ಲ.

ವಿನಾಯಕ, 9:24
ಅವ್ವಾ... ನನಗೂ ಗೊತ್ತಿರಲಿಲ್ಲ. ನಮ್ಮ ಕಾನೂನು 1971ರದು. 18 ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಅದರಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವರು ಕೇಳಬಾರದಿತ್ತು.

ಶ್ರೀಧರ ಕಾಕಾ, 9:29
ನೋಡು ಸುಧಾ, ಅದಕ್ಕೇ ನಾನು ಹೇಳಿದ್ದು. ತಿಳಿಸಬೇಕಿತ್ತು ಅಲ್ವಾ?

ಸುಧಾ, 9:37
ಆ ಮಾತಿನಲ್ಲಿ ನೀವು ನೂರಕ್ಕೆ ನೂರು ಸರಿ ಕಾಕಾ. ಆದರೆ ಅತ್ಯಾಗೆ ಬೇಕಿದ್ದದ್ದು ಏನು? ರಕ್ತ ಎಷ್ಟು ದಿನ ಹೋಗುತ್ತದೆ, ಎಷ್ಟು ಹೋದರೆ ಓಡಿ ಬರಬೇಕು, ಏನು ತಿನ್ನಬೇಕು. ಅವಳ ಮುಂದೆ ಒಂದು ಕುರ್ಚಿ ಎಳೆದುಕೊಂಡು ಕೂತು ಹೇಳುವ ಡಾಕ್ಟರ್ ಬೇಕಿತ್ತು. ಭ್ರೂಣದ ಪುಸ್ತಕ ಬೇಕಿರಲಿಲ್ಲ. ಕಾಯಿಸುವುದಂತೂ ಬೇಕಿರಲೇ ಇಲ್ಲ, ಮೂರು ದಿನ ಕಾಯಿಸಿಯೇ ಇದ್ದರು.

ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಿದ್ದಾಳಾ? 2012, ಐರ್ಲೆಂಡಿನ ಗಾಲ್ವೇ. ಗರ್ಭ ನಿಲ್ಲುವುದಿಲ್ಲ ಅಂತ ಗೊತ್ತಾದ ಮೇಲೆ ಅವಳೇ ಬಾಯಿಬಿಟ್ಟು ಕೇಳಿದಳು. ಭ್ರೂಣದ ಎದೆಬಡಿತ ಇದೆ ಅಂತ ಆಗುವುದಿಲ್ಲ ಅಂದರು. ನಂಜೇರಿ ಸತ್ತಳು, 31 ವರ್ಷ. ಅವತ್ತು ನೀವೇ ಫೋನಿನಲ್ಲಿ ಅತ್ತಿದ್ದಿರಿ. 2018ರಲ್ಲಿ ಅಲ್ಲಿನ ಜನ ಮತ ಹಾಕಿ ಆ ನಿಷೇಧ ತೆಗೆದರು. ಆದರೆ ಹೊಸ ಕಾನೂನಿನಲ್ಲೂ 12 ವಾರದೊಳಗೆ ಬರುವವರಿಗೆ ಮೂರು ದಿನ ಕಾಯುವ ನಿಯಮ ಸೇರಿಸಿದರು. ಹೆಂಗಸು ಮನೆಯಿಂದ ಹೊರಡುವ ಮುಂಚೆ ಯೋಚಿಸಿಯೇ ಇರುವುದಿಲ್ಲ ಅಂತ ಯಾಕೆ ಅಂದುಕೊಳ್ಳುತ್ತಾರೋ!

ಶ್ರೀಧರ ಕಾಕಾ, 9:52
ಸವಿತಾ ವಿಷಯ ಬೇರೆ, ಅದು ಅನ್ಯಾಯ. ಒಂದು ದಿನ ಕಾಯುವುದರಲ್ಲಿ ತಪ್ಪಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ "ನಮ್ಮಲ್ಲೂ ಬರಲಿ" ಅಂತ ಕಳಿಸಿದ್ದು ಅಳಿಸಿದೆ. ನಮ್ಮಲ್ಲಿ ಇರುವ ಕಾನೂನೇ ಪ್ರಮೀಳಾಗೆ ಸಿಗಲಿಲ್ಲ. ಪ್ರಮೀಳಾ, ಊಟ ಆಯ್ತಾ? ನಾನು ಬರಲಾ?

ಪ್ರಮೀಳಾ ಅತ್ಯಾ, 9:55
ಈಗ ಬೇಡ ಅಣ್ಣಾ, ಮಳೆ ಇದೆ. ಬೆಳಿಗ್ಗೆ ಬಾ. ಸುಧಾ, ನಿನ್ನ ಜೊತೆಯವಳು ಈಗ ಹೇಗಿದ್ದಾಳೆ?

ಸುಧಾ, 9:58
ಆರಾಮ ಇದ್ದಾಳೆ ಅತ್ಯಾ. ಆ ಐದು ದಿನದ ಮಾತು ಮಾತ್ರ ಇನ್ನೂ ಆಡುತ್ತಾಳೆ.