ಪುಲ್‌ಮನ್‌ಗೆ ಹೊರಟಿದ್ದೇವೆ, ಊರು ಹೇಗಿದೆ ಹೇಳ್ತೀರಾ?

ನಮಸ್ಕಾರ. ನಮ್ಮ ಯಜಮಾನರಿಗೆ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ ಹೊರಡಬೇಕು. ಊರಿನ ಹೆಸರು ಪುಲ್‌ಮನ್. ವಾಷಿಂಗ್ಟನ್ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ವೈಟ್‌ಹೌಸ್ ಪಕ್ಕ ಅಂದುಕೊಂಡಿದ್ದಾರೆ. ಮ್ಯಾಪ್‌ನಲ್ಲಿ ನೋಡಿದರೆ ಸುತ್ತ ಬರೀ ಹೊಲ! ನಾನು ದಾವಣಗೆರೆಯವಳು, ಮದುವೆ ಆದಮೇಲೆ ಬೆಂಗಳೂರು. ನಾಲ್ಕು ವರ್ಷದ ಮಗ ಇದ್ದಾನೆ. ನನ್ನದು ಎಫ್-2 ವೀಸಾ, ಓದಲು ಹೋಗುವವರ ಹೆಂಡತಿಗೆ ಕೊಡುವುದು. ಕಾರು ಬೇಕೇ ಬೇಕಾ? ಮನೆ ಎಲ್ಲಿ ಹಿಡಿಯಬೇಕು? ಚಳಿ ತಡೆಯೋಕೆ ಆಗುತ್ತದಾ? ನಾನು ಇಡೀ ದಿನ ಏನು ಮಾಡಲಿ? ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ. ಬಣ್ಣ ಹಚ್ಚಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ.

ಆರು ವರ್ಷ ಅಲ್ಲಿದ್ದವಳು, ಈಗ ಸಿಯಾಟಲ್ ಕಡೆ

ಮೊದಲು ಮನೆಯವರಿಗೆ ಹೇಳಿಬಿಡಿ ತಂಗಿ, ವೈಟ್‌ಹೌಸ್ ಇರುವುದು ದೇಶದ ಇನ್ನೊಂದು ತುದಿಯಲ್ಲಿ. ನೀವು ಹೋಗುತ್ತಿರುವುದು ಪಶ್ಚಿಮದ ವಾಷಿಂಗ್ಟನ್ ರಾಜ್ಯಕ್ಕೆ, ಅದರಲ್ಲೂ ಅದರ ಪೂರ್ವದ ಅಂಚಿಗೆ. ಸಿಯಾಟಲ್ ಸುಮಾರು 460 ಕಿಲೋಮೀಟರ್, ಕಾರಿನಲ್ಲಿ ಐದು ಗಂಟೆ. ಹತ್ತಿರದ ದೊಡ್ಡ ಊರು ಸ್ಪೊಕೇನ್, ಅದಕ್ಕೂ ಒಂದೂವರೆ ಗಂಟೆ ಬೇಕು. ಆ ದಾರಿಯಲ್ಲಿ ಗೋಧಿ ಹೊಲ, ಧಾನ್ಯ ತುಂಬುವ ದೊಡ್ಡ ಗೋಪುರ, ನಡುವೆ ಎರಡು ಮೂರು ಸಣ್ಣ ಊರು. ಅಷ್ಟೇ.

2020ರ ಜನಗಣತಿಯಲ್ಲಿ ಪುಲ್‌ಮನ್ ಜನಸಂಖ್ಯೆ ಸುಮಾರು 33 ಸಾವಿರ. ಇದನ್ನು ನಂಬಿ ಮೋಸ ಹೋಗಬೇಡಿ. ಇದರಲ್ಲಿ ದೊಡ್ಡ ಪಾಲು ಓದುವ ಹುಡುಗರದ್ದೇ. ಆಗಸ್ಟ್‌ನಲ್ಲಿ ನೀವು ಇಳಿದಾಗ ಊರು ಜಾತ್ರೆ ಥರ ಇರುತ್ತದೆ. ಡಿಸೆಂಬರ್‌ನಲ್ಲಿ ಪರೀಕ್ಷೆ ಮುಗಿದ ವಾರ ನೋಡಿ, ಜಾತ್ರೆ ಮುಗಿದ ಮೈದಾನ. ಮೊದಲ ಡಿಸೆಂಬರ್‌ನಲ್ಲಿ ನಾನು ಬಾಲ್ಕನಿಯಲ್ಲಿ ನಿಂತು ಎಷ್ಟು ಕಿಟಕಿಯಲ್ಲಿ ದೀಪ ಇದೆ ಅಂತ ಎಣಿಸಿದ್ದೆ. ಎದುರಿನ ಕಟ್ಟಡದಲ್ಲಿ ಎರಡೇ ಎರಡು. ಬೇಸಿಗೆಯಲ್ಲೂ ಹಾಗೆಯೇ ಖಾಲಿ, ಆದರೆ ಆಗ ಹಿತವಾಗಿರುತ್ತದೆ. ರಾತ್ರಿ ಎಂಟೂಮುಕ್ಕಾಲಿನವರೆಗೂ ಬೆಳಕು, ರಸ್ತೆಯೆಲ್ಲ ನಮ್ಮದೇ.

ಅದಕ್ಕೇ ಈ ಊರಲ್ಲಿ ಯಾವುದನ್ನು ಮಾಡುವುದಿದ್ದರೂ ಕಾಲೇಜಿನ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಬಾಡಿಗೆ ಕರಾರು ಹೆಚ್ಚಾಗಿ ಆಗಸ್ಟ್‌ನಿಂದ ಜುಲೈವರೆಗೆ. ಒಳ್ಳೆಯ ಮನೆಗಳು ಹಿಂದಿನ ಚಳಿಗಾಲದಲ್ಲೇ ಬುಕ್ ಆಗಿಬಿಡುತ್ತವೆ, ಹಾಗಾಗಿ ನೀವು ಈಗಲೇ ತಡ. ಯೂನಿವರ್ಸಿಟಿಯ ಕುಟುಂಬದ ಅಪಾರ್ಟ್‌ಮೆಂಟ್‌ಗಳಿಗೆ ಇವತ್ತೇ ಅರ್ಜಿ ಹಾಕಿ. ಮೇ ತಿಂಗಳ ಪದವಿ ಪ್ರದಾನದ ವಾರ, ಮತ್ತೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಫುಟ್‌ಬಾಲ್ ಇರುವ ಶನಿವಾರಗಳಲ್ಲಿ ಹೋಟೆಲ್ ರೂಮಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅತ್ತೆ ಮಾವ ಬರುವ ದಿನ ಇದನ್ನು ನೋಡಿಕೊಂಡು ಇಡಿ.

ಊರು ನಾಲ್ಕು ಗುಡ್ಡದ ಮೇಲಿದೆ. ಕಾಲೇಜ್ ಹಿಲ್, ಪಯೊನೀರ್ ಹಿಲ್, ಸನ್ನಿಸೈಡ್ ಹಿಲ್, ಮಿಲಿಟರಿ ಹಿಲ್. ನಡುವಿನ ತಗ್ಗಿನಲ್ಲಿ ಹಳೇ ಪೇಟೆ. ಕಾಲೇಜ್ ಹಿಲ್ ಹುಡುಗರ ಜಾಗ, ಶುಕ್ರವಾರ ರಾತ್ರಿ ನಿದ್ದೆ ಬರುವುದಿಲ್ಲ. ಮಗು ಇದೆಯಲ್ಲ, ಸನ್ನಿಸೈಡ್ ಅಥವಾ ಮಿಲಿಟರಿ ಹಿಲ್ ನೋಡಿ. ಮ್ಯಾಪ್‌ನಲ್ಲಿ ಒಂದು ಕಿಲೋಮೀಟರ್ ಅಂತ ಕಂಡರೆ, ಅದು ಏರಾ ಇಳಿಜಾರಾ ಅಂತಲೂ ಕೇಳಿ. ಸ್ಟ್ರಾಲರ್ ತಳ್ಳುವುದು ನೀವು, ಯಜಮಾನರಲ್ಲ.

ಒಂಟಿಯಾಗಿ ಮಾಸ್ಟರ್ಸ್ ಮುಗಿಸಿದವನು

ಕಾರು ಬೇಡವೇ ಬೇಡ ಅನ್ನುವುದು ನನ್ನ ಅನುಭವ. ಎರಡು ವರ್ಷ ಇಲ್ಲದೇ ಇದ್ದೆ. ಊರ ಬಸ್ಸು ಚೆನ್ನಾಗಿದೆ. ಯೂನಿವರ್ಸಿಟಿ ಕಾರ್ಡ್ ಇದ್ದರೆ ಟಿಕೆಟ್ ಇಲ್ಲ. ದಿನಸಿ ತರುವುದಕ್ಕೂ ಬಸ್ಸಲ್ಲೇ ಹೋಗಿ ಬರುತ್ತಿದ್ದೆ. ಕಾರು ಅಂದರೆ ವಿಮೆ, ಪಾರ್ಕಿಂಗ್ ಪರ್ಮಿಟ್, ಹಿಮಕ್ಕೆ ಬೇರೆ ಟೈರು. ಸ್ಟೈಪೆಂಡ್‌ನಲ್ಲಿ ಇದೆಲ್ಲ ಯಾಕೆ?

ಆರು ವರ್ಷ ಅಲ್ಲಿದ್ದವಳು

ತಮ್ಮಾ, ನಿನಗೆ ಮಗು ಇರಲಿಲ್ಲ. ಕಾಲೇಜಿಗೆ ರಜೆ ಬಂದರೆ ಬಸ್ಸೂ ಕಡಿಮೆ ಆಗುತ್ತದೆ. ರಜೆಯ ವಾರವೇ ಮಗುವಿಗೆ ಜ್ವರ ಬರುವುದು, ಇದು ಲೋಕನಿಯಮ. ಊರಲ್ಲೇ ಆಸ್ಪತ್ರೆ ಇದೆ, ಆದರೆ ವಿಶೇಷ ತಜ್ಞರು ಬೇಕೆಂದರೆ ಸ್ಪೊಕೇನ್ ಕಡೆ ಕೈ ತೋರಿಸುತ್ತಾರೆ. ಮೊದಲ ಮೂರು ತಿಂಗಳು ಕಾರಿಲ್ಲದೆ ಇದ್ದು ನೋಡಿ, ನವೆಂಬರ್ ಒಳಗೆ ಒಂದು ಹಳೇ ಕಾರು ತಗೊಳ್ಳಿ. ಆಮೇಲೆ ಏರು ರಸ್ತೆಯ ಮೇಲೆ ಮಂಜು ಗಾಜಿನ ಹಾಗೆ ಕಟ್ಟುತ್ತದೆ, ಡ್ರೈವಿಂಗ್ ಕಲಿಯುವ ಕಾಲ ಅದಲ್ಲ. ನಾನು ಕಲಿತದ್ದು ಅದೇ ಕಾಲದಲ್ಲಿ. ಪಕ್ಕದ ಮನೆಯವರ ಕಸದ ಡಬ್ಬಿಗೆ ಗುದ್ದಿದ್ದೆ. ಅವರೇ ಬಂದು ಸಾರಿ ಕೇಳಿ ಹೋದರು!

ಗದಗ ಕಡೆಯವನು, ಬೆಳೆ ವಿಜ್ಞಾನ ಓದಲು ಹೋಗಿದ್ದೆ

ಅಕ್ಕಾರೆ, "ಬರೀ ಹೊಲ" ಅಂದಿದ್ದೀರಿ ನೋಡಿ, ಅದಕ್ಕೇ ಬರೆಯುತ್ತಿದ್ದೇನೆ. ಆ ಹೊಲದ ಸೀಮೆಗೆ ಪಲೂಸ್ ಅಂತ ಹೆಸರು. ನಮ್ಮ ಎರೆ ಹೊಲ ಹಾಸಿದ ಕಂಬಳಿ ಥರ ಮಟ್ಟಸ. ಇಲ್ಲಿ ಕಂಬಳಿಯನ್ನು ಯಾರೋ ಮುದುಡಿ ಬಿಟ್ಟ ಹಾಗೆ ದಿಬ್ಬದ ಮೇಲೆ ದಿಬ್ಬ. ಗಾಳಿ ಸಾವಿರಾರು ವರ್ಷ ತಂದು ಸುರಿದ ಸಣ್ಣ ಮಣ್ಣು ಅದು. ನೀರಾವರಿ ಇಲ್ಲ. ಮಳೆ, ಹಿಮ, ಮಣ್ಣಲ್ಲಿ ಉಳಿದ ತೇವ ನಂಬಿಕೊಂಡು ಬೆಳೆಯುತ್ತಾರೆ. ನಮ್ಮ ಹಿಂಗಾರಿ ಲೆಕ್ಕವೇ. ಗೋಧಿಯನ್ನು ಶರತ್ಕಾಲದಲ್ಲಿ ಬಿತ್ತುತ್ತಾರೆ. ಅದು ಹಿಮದ ಕೆಳಗೆ ಚಳಿಗಾಲ ಕಳೆದು ಮುಂದಿನ ಜುಲೈ, ಆಗಸ್ಟ್‌ಗೆ ಕಟಾವಿಗೆ ಬರುತ್ತದೆ. ನೀವು ಇಳಿಯುವ ಹೊತ್ತಿಗೆ ದಿಬ್ಬವೆಲ್ಲ ಹೊಂಬಣ್ಣ. ಇಳಿಜಾರಿನಲ್ಲಿ ಕಟಾವು ಯಂತ್ರದ ಚಕ್ರ ವಾಲಿದ್ದರೂ ಮೇಲಿನ ಭಾಗ ಮಟ್ಟವಾಗಿಯೇ ನಿಲ್ಲುತ್ತದೆ. ಅದನ್ನು ನೋಡುತ್ತಾ ನಾನು ಒಂದು ದಿನ ಕ್ಲಾಸ್ ತಪ್ಪಿಸಿಕೊಂಡೆ.

ಗೋಧಿ ಜೊತೆ ಮತ್ತೇನು ಬೆಳೆಯುತ್ತಾರೆ ಗೊತ್ತಾ? ಮಸೂರ, ಅಂದರೆ ಚನ್ನಂಗಿ ಬೇಳೆ. ಕಾಬೂಲಿ ಕಡಲೆ. ಬಟಾಣಿ. ಪುಲ್‌ಮನ್‌ನಲ್ಲಿ 1989ರಿಂದ ಪ್ರತಿ ಆಗಸ್ಟ್‌ನಲ್ಲಿ ಬೇಳೆ ಹಬ್ಬವೇ ಆಗುತ್ತದೆ, ನ್ಯಾಷನಲ್ ಲೆಂಟಿಲ್ ಫೆಸ್ಟಿವಲ್ ಅಂತ. ದೊಡ್ಡ ಕೊಪ್ಪರಿಗೆಯಲ್ಲಿ ಬೇಳೆ ಬೇಯಿಸಿ ಬಂದವರಿಗೆಲ್ಲ ಬಡಿಸುತ್ತಾರೆ. ನಮ್ಮವರ ಕೈಗೆ ಅದನ್ನು ಕೊಟ್ಟರೆ ಮೊದಲು ಒಗ್ಗರಣೆ ಎಲ್ಲಿ ಅಂತ ಕೇಳುತ್ತಾರೆ, ನಾನೂ ಕೇಳಿದೆ. ಆದರೆ ಹೋಗಿ, ಮೊದಲ ವಾರವೇ ಊರಿನವರ ಪರಿಚಯ ಆಗುತ್ತದೆ. ಇಂಡಿಯಾದವರು ಅಂದರೆ ರೈತರು ಖುಷಿಯಿಂದ ಮಾತಾಡಿಸುತ್ತಾರೆ. 2019ರಲ್ಲಿ ನಮ್ಮ ಸರ್ಕಾರ ಅಮೆರಿಕದ ಮಸೂರ ಮತ್ತು ಕಡಲೆಗೆ ಹೆಚ್ಚುವರಿ ಸುಂಕ ಹಾಕಿ 2023ರಲ್ಲಿ ತೆಗೆಯಿತು. ಹಾಗಾಗಿ ದಿಲ್ಲಿ ಸುದ್ದಿ ಅಲ್ಲಿನ ರೈತರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು, ಇದು ನನ್ನ ಹುಚ್ಚು, ಕ್ಷಮಿಸಿ. ಆರ್ವಿಲ್ ವೋಗಲ್ ಅನ್ನುವ ಗೋಧಿ ವಿಜ್ಞಾನಿ ಇದೇ ಪುಲ್‌ಮನ್‌ನಲ್ಲಿ ಕೆಲಸ ಮಾಡಿದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಿಂದ ಬಂದ ನೊರಿನ್-10 ಎಂಬ ಗಿಡ್ಡ ತಳಿಯನ್ನು ಇಲ್ಲಿನ ಬ್ರೆವರ್ ಗೋಧಿ ಜೊತೆ ಅಡ್ಡತಳಿ ಮಾಡಿದರು. ಕಾಂಡ ಗಿಡ್ಡ ಆದರೆ ಗೊಬ್ಬರ ಜಾಸ್ತಿ ಹಾಕಿ ತೆನೆ ಭಾರ ಆದರೂ ಪೈರು ಮಲಗುವುದಿಲ್ಲ, ಗುಟ್ಟು ಇಷ್ಟೇ. ಆ ಬೀಜವನ್ನು ಅವರು ಮೆಕ್ಸಿಕೋದಲ್ಲಿದ್ದ ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಅವರಿಗೂ ಕಳಿಸಿಕೊಟ್ಟರು. ಅಲ್ಲಿ ಬೆಳೆದ ಗಿಡ್ಡ ಗೋಧಿ 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂತು. ಬೋರ್ಲಾಗ್‌ಗೆ 1970ರಲ್ಲಿ ನೊಬೆಲ್ ಬಂತು. ವೋಗಲ್ ಹೆಸರು ಕ್ಯಾಂಪಸ್ಸಿನ ಒಂದು ಕಟ್ಟಡದ ಮೇಲಿದೆ. ಯಜಮಾನರ ಜೊತೆ ಹೋದಾಗ ಒಮ್ಮೆ ನೋಡಿ.

ಎಫ್-2ನಲ್ಲಿ ನಾಲ್ಕು ವರ್ಷ ಕಳೆದವಳು, ಶಿವಮೊಗ್ಗ

ಇದ್ದದ್ದು ಇದ್ದ ಹಾಗೆ ಕೇಳಿದ್ದೀರಿ. ನನಗೆ ಮೊದಲ ವರ್ಷ ಕಷ್ಟವಾಯಿತು. ಎಫ್-2ನಲ್ಲಿ ಸಂಬಳದ ಕೆಲಸ ಮಾಡುವ ಹಾಗಿಲ್ಲ. ಪಾರ್ಟ್‌ಟೈಮ್ ಆಗಿ ಕೋರ್ಸ್ ಮಾಡಬಹುದು, ಫುಲ್‌ಟೈಮ್ ಡಿಗ್ರಿ ಬೇಕಾದರೆ ವೀಸಾ ಬದಲಿಸಬೇಕು. ಅವರು ಬೆಳಗ್ಗೆ ಲ್ಯಾಬಿಗೆ ಹೋದರೆ ರಾತ್ರಿ ಬರುತ್ತಿದ್ದರು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಆ ನಾಲ್ಕರಿಂದ ಎಂಟು ಗಂಟೆ ಇದೆಯಲ್ಲ, ಚಳಿಗಿಂತ ಅದೇ ಜಾಸ್ತಿ ಕೊರೆಯುತ್ತದೆ. ನಾಲ್ಕಕ್ಕೆ ಅಮ್ಮನಿಗೆ ಫೋನ್ ಮಾಡೋಣ ಅಂದರೆ ಊರಲ್ಲಿ ನಸುಕು, ಇನ್ನೂ ಯಾರೂ ಎದ್ದಿರುವುದಿಲ್ಲ.

ನನ್ನನ್ನು ಎಬ್ಬಿಸಿ ಕೂರಿಸಿದ್ದು ನೀಲ್ ಪಬ್ಲಿಕ್ ಲೈಬ್ರರಿ. ಪೇಟೆಯಲ್ಲೇ ಇದೆ. ಮಕ್ಕಳಿಗೆ ಕಥೆ ಹೇಳುವ ದಿನ ಹೋಗಿ ಕೂತರೆ ಸಾಕು, ಬೇರೆ ಅಮ್ಮಂದಿರು ತಾವಾಗಿಯೇ ಮಾತಾಡಿಸುತ್ತಾರೆ. ಸಣ್ಣ ಊರಿನ ಲಾಭ ಇದು. ಮೂರನೇ ಸಲ ಹೋದಾಗ ಮಗಳ ಹೆಸರು ಹಿಡಿದು ಕರೆದರು. ನಿಮ್ಮ ಮಗನಿಗೆ ಆಗಸ್ಟ್ 31ರೊಳಗೆ ಐದು ತುಂಬಿದ ವರ್ಷ ಸರ್ಕಾರಿ ಶಾಲೆಯ ಕಿಂಡರ್‌ಗಾರ್ಟನ್‌ಗೆ ಸೇರಿಸಬಹುದು, ಫೀ ಇಲ್ಲ. ಅಲ್ಲಿಯವರೆಗೆ ಪ್ರಿಸ್ಕೂಲ್ ಖರ್ಚು ಕೈ ಕಚ್ಚುತ್ತದೆ, ನಾವು ಕಳಿಸಲಿಲ್ಲ.

ಅವನಿಗೆ ಬೇಜಾರಾದಾಗ ಕರಡಿ ನೋಡಲು ಕರೆದುಕೊಂಡು ಹೋಗಿ. ತಮಾಷೆ ಅಲ್ಲ. ಯೂನಿವರ್ಸಿಟಿಯಲ್ಲಿ ಸಂಶೋಧನೆಗೆ ಗ್ರಿಜ್ಲಿ ಕರಡಿ ಸಾಕಿದ್ದಾರೆ. ಅವು ಹೊರಗೆ ಬಂದ ಹೊತ್ತಿಗೆ ಬೇಲಿಯಾಚೆಯಿಂದ ನೋಡಬಹುದು. ಚಳಿಗಾಲದಲ್ಲಿ ಅವು ಮಲಗಿಬಿಡುತ್ತವೆ. ನನ್ನ ಮಗಳು "ನಾವೂ ಹಾಗೇ ಮಲಗೋಣ" ಅಂದಿದ್ದಳು.

ಕ್ಯಾಂಪಸ್ಸಿನ ಫರ್ಡಿನಾಂಡ್ಸ್ ಅಂಗಡಿಯ ಐಸ್‌ಕ್ರೀಮ್ ಬಿಡಬೇಡಿ. ಅದೇ ಡೇರಿಯ ಚೀಸ್ ಕೂಗರ್ ಗೋಲ್ಡ್ ತಗಡಿನ ಡಬ್ಬಿಯಲ್ಲಿ ಬರುತ್ತದೆ, ಒಂದು ಡಬ್ಬಿ ಸುಮಾರು 850 ಗ್ರಾಂ. ಡಬ್ಬಿಯಲ್ಲಿದ್ದರೂ ಫ್ರಿಜ್‌ನಲ್ಲೇ ಇಡಬೇಕು. ನಾನು ಗೊತ್ತಿಲ್ಲದೆ ಕಪಾಟಿನಲ್ಲಿ ಇಟ್ಟಿದ್ದೆ.

ಕೇಳಿದವಳು

ಕರಡಿ ವಿಷಯ ಹೇಳಿದ ಮೇಲೆ ಮಗ ಈಗಲೇ ಬ್ಯಾಗ್ ತುಂಬುತ್ತಿದ್ದಾನೆ. ಅಡುಗೆ ಸಾಮಾನು ಸಿಗುತ್ತದಾ? ಬೆಂಗಳೂರಿನಿಂದ ಏನೇನು ಹೊರಲಿ?

ಆರು ವರ್ಷ ಅಲ್ಲಿದ್ದವಳು

ಬೇಳೆ ಮಾತ್ರ ಹೊರಬೇಡಿ, ಗದಗದವರು ಹೇಳಿದ್ದು ಕೇಳಿದಿರಲ್ಲ. ತೊಗರಿ ಮಾತ್ರ ಅಲ್ಲಿ ಬೆಳೆಯುವುದಿಲ್ಲ, ಅದಕ್ಕೆ ಮತ್ತೆ ಸೋನಾ ಮಸೂರಿ ಅಕ್ಕಿಗೆ ನಾವು ಎರಡು ತಿಂಗಳಿಗೊಮ್ಮೆ ಸ್ಪೊಕೇನ್‌ಗೆ ಹೋಗುತ್ತಿದ್ದೆವು. ನಾಲ್ಕು ಮನೆಯವರು ಸೇರಿ ಒಂದೇ ಕಾರಲ್ಲಿ. ಪುಡಿಗಳು, ಹುಣಸೆಹಣ್ಣು, ಚಿಕ್ಕ ಕುಕ್ಕರ್, ಅದರ ಎರಡು ಗ್ಯಾಸ್ಕೆಟ್ ತನ್ನಿ. ಗ್ಯಾಸ್ಕೆಟ್ ಮರೆತರೆ ಅಳುತ್ತೀರಿ.

ಮಾಸ್ಕೋ ಅನ್ನುವ ಊರು ಎಂಟು ಮೈಲಿ ದೂರದಲ್ಲಿದೆ. ರಷ್ಯಾದ್ದಲ್ಲ, ಪಕ್ಕದ ಐಡಾಹೊ ರಾಜ್ಯದ್ದು. ಅದೂ ಕಾಲೇಜು ಊರೇ, ಯೂನಿವರ್ಸಿಟಿ ಆಫ್ ಐಡಾಹೊ ಅಲ್ಲಿದೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಶನಿವಾರದ ರೈತ ಸಂತೆ ತುಂಬ ಚೆನ್ನಾಗಿರುತ್ತದೆ, ನನಗೆ ಪುಲ್‌ಮನ್ ಪೇಟೆಗಿಂತ ಮಾಸ್ಕೋ ಪೇಟೆಯೇ ಇಷ್ಟ. ಹಳೇ ರೈಲು ಹಳಿಯ ಜಾಗದಲ್ಲಿ ಸೈಕಲ್ ದಾರಿ ಮಾಡಿದ್ದಾರೆ, ಎರಡೂ ಊರು ಸೇರಿಸುತ್ತದೆ. ಅದೊಂದು ಮಾತ್ರ ಗುಡ್ಡ ಹತ್ತದ ದಾರಿ. ಒಂದು ಲೆಕ್ಕ ನೆನಪಿಡಿ: ದಿನಸಿಗೆ ವಾಷಿಂಗ್ಟನ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಐಡಾಹೊದಲ್ಲಿ ಇದೆ. ಪೆಟ್ರೋಲ್ ಮಾತ್ರ ಆ ಕಡೆ ಅಗ್ಗ.

ಒಂಟಿಯಾಗಿ ಮಾಸ್ಟರ್ಸ್ ಮುಗಿಸಿದವನು

ಕಾರಿನ ವಿಷಯದಲ್ಲಿ ಸೋತೆ, ಒಪ್ಪಿಕೊಂಡೆ. ಎರಡು ಎಚ್ಚರಿಕೆ ಮಾತ್ರ. ಬೇಸಿಗೆ ಕೊನೆಯಲ್ಲಿ ಸುತ್ತಲ ರಾಜ್ಯಗಳ ಕಾಡ್ಗಿಚ್ಚಿನ ಹೊಗೆ ಕೆಲವು ವರ್ಷ ಊರಿಗೇ ಬಂದು ಕೂರುತ್ತದೆ. ಮಗುವಿಗೆ ದಮ್ಮು ಗಿಮ್ಮು ಇದ್ದರೆ ಗಾಳಿ ಶುದ್ಧ ಮಾಡುವ ಯಂತ್ರ ಬಂದ ತಕ್ಷಣ ತಗೊಳ್ಳಿ. ಇನ್ನೊಂದು, ಮೇ ತಿಂಗಳಲ್ಲಿ ಹುಡುಗರು ಮನೆ ಖಾಲಿ ಮಾಡುವಾಗ ಸೋಫಾ, ಮೇಜು, ದೀಪ ಎಲ್ಲ ರಸ್ತೆ ಬದಿ ಇಟ್ಟು ಹೋಗುತ್ತಾರೆ. ಮೇಜು ತಗೊಳ್ಳಿ. ಹಾಸಿಗೆ ಮುಟ್ಟಬೇಡಿ, ತಿಗಣೆ! ನನ್ನ ರೂಮ್‌ಮೇಟ್ ಒಂದು ತಂದು ನಾವು ಪಟ್ಟ ಪಾಡು ಬೇಡ.

ಗದಗ ಕಡೆಯವನು

ಚಳಿ ತಡೆಯದಿದ್ದರೆ ಲೂಯಿಸ್ಟನ್‌ಗೆ ಹೋಗಿ ಬನ್ನಿ. ದಕ್ಷಿಣಕ್ಕೆ 50 ಕಿಲೋಮೀಟರ್, ಸ್ನೇಕ್ ನದಿ ದಂಡೆ. ಘಟ್ಟ ಇಳಿದ ಹಾಗೆ ಸುಮಾರು 2,000 ಅಡಿ ಇಳಿಯುತ್ತೀರಿ. ಮೇಲೆ ಹಿಮ ಇದ್ದ ಎಷ್ಟೋ ದಿನ ಕೆಳಗೆ ಬಿಸಿಲು ಕಾಯಬಹುದು. ಜೂನ್‌ನಲ್ಲಿ ಒಂದು ಸಂಜೆ ಸ್ಟೆಪ್ಟೋ ಬ್ಯೂಟ್ ಅನ್ನುವ ಗುಡ್ಡ ಹತ್ತಿ, ಮೇಲಿನವರೆಗೂ ರಸ್ತೆ ಇದೆ. ಅಲ್ಲಿಂದ ನೋಡಿದ ಮೇಲೆ "ಬರೀ ಹೊಲ" ಅಂತೀರಾ ನೋಡೋಣ.

ಕೇಳಿದವಳು

ಕುಟುಂಬದ ಅಪಾರ್ಟ್‌ಮೆಂಟ್‌ಗೆ ನಿನ್ನೆ ರಾತ್ರಿಯೇ ಅರ್ಜಿ ಹಾಕಿದೆವು. ಗ್ಯಾಸ್ಕೆಟ್ ಮೂರು ತಂದಿದ್ದೇನೆ. ಸಿಯಾಟಲ್‌ನಿಂದ ಪುಲ್‌ಮನ್‌ಗೆ ಸಣ್ಣ ವಿಮಾನ ಇದೆಯಲ್ಲ, ಅದು ಸರಿ ಇರುತ್ತದಾ?

ಶಿವಮೊಗ್ಗ

ಆಗಸ್ಟ್‌ನಲ್ಲಿ ಯೋಚನೆ ಬೇಡ. ಚಳಿಗಾಲದಲ್ಲಿ ಮಂಜು ಕವಿದರೆ ಇಳಿಯುವುದು ಕಷ್ಟ, ಆಗ ಸ್ಪೊಕೇನ್‌ಗೆ ಟಿಕೆಟ್ ಮಾಡಿಸುವುದೇ ಮೇಲು. ಸಿಯಾಟಲ್‌ನಿಂದ ಹತ್ತುವಾಗ ಮಗನಿಗೆ ಬಲಗಡೆ ಕಿಟಕಿ ಕೊಡಿಸಿ. ಮೋಡ ಇಲ್ಲದಿದ್ದರೆ ಮೌಂಟ್ ರೇನಿಯರ್ ಕಾಣುತ್ತದೆ.